‘ಸಾಕು’ ಅನ್ನುವ ಕಣ್ಣು

ಬೀದಿಯಲ್ಲಿ ಅವನಿಗೆ ಉಪ್ಪುನೀರಣ್ಣ ಎಂಬ ಹೆಸರು ಬಿದ್ದು ಹದಿನಾಲ್ಕು ವರ್ಷವಾಗಿತ್ತು. ಹೆತ್ತವರು ಇಟ್ಟ ಹೆಸರು ಪೆಟ್ಟಿಗೆಯ ಕಾಗದಗಳಲ್ಲಿ ಮುದುಡಿಕೊಂಡು ಮಲಗಿತ್ತು. ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಸೈಕಲ್ಲಿನ ಎರಡೂ ಬದಿಗೆ ಉಪ್ಪುನೀರು ತುಂಬಿದ ಒಂದೊಂದು ಬಿಳಿ ಕ್ಯಾನು ಕಟ್ಟಿ, ಪ್ಯಾಂಟಿನ ತುದಿ ಮಡಚಿ ಅವನು ಹೊರಟನೆಂದರೆ ಎದುರುಮನೆಯ ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ದಿನವೂ ಅದೇ ಪ್ರಶ್ನೆ ಕೇಳುತ್ತಿದ್ದ.

"ಏನಣ್ಣಾ, ಸಮುದ್ರ ಎಲ್ಲಿಗೆ ಹೊರಟ್ತು?"

"ಹಲ್ಲು ತೋರಿಸ್ಕೊಂಡು ಬರೋಕೆ."

ಮಾತು ತಮಾಷೆಯದಾದರೂ ಸುಳ್ಳಲ್ಲ. ಅವನು ಹೋಗುತ್ತಿದ್ದುದು ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ. ಅಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಒಂದು ಗೋಡೆಯಗಲದ ಗಾಜಿನ ತೊಟ್ಟಿ ಇತ್ತು. ನಾನೂರು ಲೀಟರ್ ಉಪ್ಪುನೀರು, ನಾಲ್ಕು ಪಟ್ಟೆ ಮೀನು, ನಟ್ಟನಡುವೆ ಕವಲೊಡೆದು ನಿಂತ ಒಂದು ದೊಡ್ಡ ಹವಳ. ಕೆನ್ನೆ ಹಿಡಿದುಕೊಂಡು ಬಂದವರು ಅದರೆದುರಿನ ಬೆಂಚಿನಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ಕೆನ್ನೆಯ ಮೇಲಿನ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಆ ಕೈ ಇಳಿಯುವುದನ್ನು ನೋಡುವುದೆಂದರೆ ಉಪ್ಪುನೀರಣ್ಣನಿಗೆ ಎಲ್ಲಿಲ್ಲದ ಖುಷಿ. "ಡಾಕ್ಟರಮ್ಮ ಸೂಜಿ ಚುಚ್ಚೋಕೆ ಮುಂಚೇನೇ ಅರ್ಧ ನೋವು ನಾನು ತೆಗ್ದಿರ್ತೀನಿ" ಎಂದು ಮನೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಅದಕ್ಕೂ ಮುಂಚೆ ಅವನು ನಲ್ಲಿ ರಿಪೇರಿಯವನು. ಇಪ್ಪತ್ತೈದು ವರ್ಷ ಊರಿನ ಗೋಡೆಗಳೊಳಗೆ ಪೈಪು ಕೂರಿಸಿದವನು. ಆ ಕೆಲಸದ ದುಃಖವೇನೆಂದರೆ, ಚೆನ್ನಾಗಿ ಮಾಡಿದರೆ ಅದರ ಮೇಲೆ ಸಿಮೆಂಟು ಮೆತ್ತಿ ಸುಣ್ಣ ಬಳಿದುಬಿಡುತ್ತಾರೆ. ಕೆಟ್ಟದಾಗಿ ಮಾಡಿದರೆ ಮಾತ್ರ ಜನರ ಕಣ್ಣಿಗೆ ಬೀಳುತ್ತದೆ. ಒಂದು ದಿನ ಕ್ಲಿನಿಕ್ಕಿನಿಂದ ನೀರು ಸೋರುತ್ತಿದೆಯೆಂದು ಕರೆ ಬಂತು. ಹೋಗಿ ನೋಡಿದರೆ ಸೋರುತ್ತಿದ್ದುದು ಸಿಂಕಲ್ಲ, ತೊಟ್ಟಿ. ಅದನ್ನು ನೋಡಿಕೊಳ್ಳುತ್ತಿದ್ದವನು ಹೇಳದೆ ಕೇಳದೆ ಊರು ಬಿಟ್ಟಿದ್ದ. ಉಪ್ಪುನೀರಣ್ಣ ತೋಳು ಮಡಚಿ, ಹೆಗಲವರೆಗೂ ಕೈ ಇಳಿಬಿಟ್ಟು ಸೋರಿಕೆ ನಿಲ್ಲಿಸಿದ. ಕೈ ಮೇಲೆತ್ತುವಾಗ ಬೆರಳಿಗೆ ಏನೋ ತಗುಲಿತು. ಕಲ್ಲಿಗೆ ಅಂಟಿಕೊಂಡ, ಕಿರುಬೆರಳುದ್ದದ, ಶುಂಠಿಯಂತೆ ಸೊಟ್ಟಗಿದ್ದ ಒಂದು ತುಂಡು.

"ಇದೇನಮ್ಮಾ, ಕಲ್ಲಾ, ಗಿಡಾನಾ?"

"ಎರಡೂ ಅಲ್ಲ ಅಣ್ಣಾ, ಪ್ರಾಣಿ. ಹವಳ. ಸತ್ತೇಹೋಗಿದೆ ಅನ್ಸುತ್ತೆ, ಕಿತ್ತು ಬಿಸಾಕಿ."

ಅವನು ಬಿಸಾಕಲಿಲ್ಲ. ಸತ್ತಿದೆಯೋ ಇಲ್ಲವೋ ನೋಡೋಣವೆಂದು ಮಾರನೆಯ ದಿನ ಬಂದ, ಅದರ ಮಾರನೆಯ ದಿನವೂ ಬಂದ. ಹಾಗೆ ನೋಡಲು ಬಂದವನು ಮತ್ತೆ ಹಿಂತಿರುಗಿ ಹೋಗಲೇ ಇಲ್ಲವೆನ್ನಬೇಕು. ಡಾಕ್ಟರಮ್ಮ ಪುಸ್ತಕ ಕೊಟ್ಟರು, ಅವನು ತಪ್ಪು ಮಾಡಿ ಮಾಡಿ ಕಲಿತ. ಕಿರುಬೆರಳು ಹದಿನಾಲ್ಕು ವರ್ಷದಲ್ಲಿ ಮೊರದಗಲ ಹರಡಿತು. ಅದರ ಒಂದೊಂದು ತುಂಡು ಮುರಿದು ಊರಿನ ಇತರ ತೊಟ್ಟಿಗಳಿಗೂ ಕೊಟ್ಟ. ಅವು ಎಲ್ಲೂ ಇದರಷ್ಟು ಮೈತುಂಬಿಕೊಳ್ಳಲಿಲ್ಲ. ಅವನ ಬದುಕಿನಲ್ಲಿ ಗೋಡೆಯೊಳಗೆ ಹೂತುಹೋಗದ ಕೆಲಸವೆಂದರೆ ಅದೊಂದೇ.

ಆದರೆ ಅದರ ಬಣ್ಣ ಯಾವುದೆಂದು ಅವನಿಗೆ ಗೊತ್ತಿರಲಿಲ್ಲ.

ಇದು ಬಯಲಾದದ್ದು ಹವಳಕ್ಕೆ ಬೇಕಾದ ಮೆಗ್ನೀಷಿಯಂ ನೀರಿನಲ್ಲಿ ಎಷ್ಟಿದೆಯೆಂದು ಅಳೆದ ಮೊದಲ ದಿನವೇ. ಆ ಪರೀಕ್ಷೆ ಕೇಳಲು ಸುಲಭ. ಪುಟ್ಟ ಗಾಜಿನ ಶೀಶೆಯಲ್ಲಿ ತೊಟ್ಟಿಯ ನೀರು ತೆಗೆದುಕೊಂಡು ಅದಕ್ಕೆ ಒಂದು ದ್ರವದ ಐದು ಹನಿ, ಒಂದು ಚಿಟಿಕೆ ಪುಡಿ ಹಾಕಿ ಅಲ್ಲಾಡಿಸಬೇಕು. ನೀರು ಗುಲಾಬಿಯಾಗುತ್ತದೆ. ಆಮೇಲೆ ಸಿರಿಂಜಿನಿಂದ ಇನ್ನೊಂದು ದ್ರವವನ್ನು ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಯಾವ ಹನಿಗೆ ಗುಲಾಬಿ ಪೂರ್ತಿ ಹೋಗಿ ನೀಲಿ ಬರುತ್ತದೋ ಅಲ್ಲಿಗೆ ನಿಲ್ಲಿಸಿ, ಸಿರಿಂಜಿನಲ್ಲಿ ಎಷ್ಟು ಖರ್ಚಾಯಿತೆಂದು ಓದಬೇಕು. ಹೆಚ್ಚು ಖರ್ಚಾದಷ್ಟೂ ನೀರಿನಲ್ಲಿ ಮೆಗ್ನೀಷಿಯಂ ಹೆಚ್ಚು. ಅಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಅವನು ಹನಿ ಬಿಟ್ಟ, ಬಿಟ್ಟ, ಬಿಡುತ್ತಲೇ ಹೋದ.

"ಥೂ, ಮೋಸ! ಬಣ್ಣಾನೇ ಬದಲಾಗ್ತಿಲ್ಲ. ಕಿಟ್ಟು ಡೂಪ್ಲಿಕೇಟು."

ಒಲೆಯ ಮುಂದೆ ನಿಂತಿದ್ದ ಹೆಂಡತಿ ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು. "ಅಯ್ಯೋ, ಆಗ್ಲೇ ನೀಲಿ ಆಗಿ ಕೂತಿದೆಯಲ್ರೀ!"

"ಯಾವಾಗ ಆಯ್ತು?"

"ನೀವು ಬೈಯೋಕೆ ಶುರು ಮಾಡೋಕೆ ಮುಂಚೆ."

ಅವನು ಶೀಶೆಯನ್ನು ಬೆಳಕಿಗೆ ಹಿಡಿದ. ಅವನ ಕಣ್ಣಿಗೆ ಅದು ಮೊದಲು ಹೇಗಿತ್ತೋ ಈಗಲೂ ಹಾಗೇ ಇತ್ತು. ಅವಳು ಅವನ ಮುಖ ನೋಡಿದಳು, ಶೀಶೆ ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನಗತೊಡಗಿದಳು. "ಹಂಗಾದ್ರೆ ನನ್ನ ಮೊದಲ ಸಲ ನೋಡ್ದಾಗ ನೀಲಿ ಬಟ್ಟೇಲಿ ದೇವತೆ ಥರ ಇದ್ದೆ ಅಂತ ಹೇಳ್ತಾನೇ ಇರ್ತೀರಲ್ಲ, ಅದು ಗುಲಾಬಿ ಕಣ್ರೀ! ಇಷ್ಟು ವರ್ಷ ಇವರ್ಯಾವಳನ್ನ ನೋಡಿ ನನ್ನ ಕಟ್ಕೊಂಡ್ರೋ ಅಂತ ಯೋಚನೆ ಮಾಡಿದ್ದೇ ಮಾಡಿದ್ದು."

ಅವಳ ಮುಂದೆ ಬಣ್ಣದ ವಿಷಯದಲ್ಲಿ ಸೋಲುವುದು ಅವಮಾನವೇನಲ್ಲ. ಅವಳು ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಬೀದಿಯ ಬಾಯಲ್ಲಿ ನೂಲಕ್ಕ. ಹೆಬ್ಬೆಟ್ಟಿನಷ್ಟು ಬಟ್ಟೆಯ ಚೂರು ಹಿಡಿದು ಯಾರೇ ಬರಲಿ, ಗೋಡೆಯುದ್ದದ ಸಾಲು ಡ್ರಾಯರುಗಳಲ್ಲಿ ಕೈಯಿಟ್ಟು, ಹುಡುಕದೆಯೇ ಎಂಬಂತೆ, ಅದೇ ಬಣ್ಣದ ರೀಲು ತೆಗೆದುಕೊಡುತ್ತಿದ್ದಳು. ಅವಳ ಲೆಕ್ಕದಲ್ಲಿ ನೀಲಿಗಳೇ ನಲವತ್ತು. ಗಿರಾಕಿಯೊಬ್ಬಳು ನೀಲಿ ಅಂದರೆ "ಯಾವ ನೀಲಿ? ಶಾಯಿಯದಾ, ಸಂಜೆಯದಾ?" ಎಂದು ಕೇಳುವವಳು.

ಹಾಗೆ ಶುರುವಾಯಿತು ಅವರಿಬ್ಬರ ಭಾನುವಾರ. ಗಂಡಹೆಂಡಿರಲ್ಲಿ ಕೆಲವರು ಜೊತೆಯಾಗಿ ವಾಕಿಂಗ್ ಹೋಗುತ್ತಾರೆ, ಕೆಲವರು ಜೊತೆಯಾಗಿ ನೆಂಟರನ್ನು ಆಡಿಕೊಳ್ಳುತ್ತಾರೆ. ಇವರಿಬ್ಬರು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಕಿಟಕಿಯ ಬಳಿ, ಹಿಂದೆ ಒಂದು ಬಿಳಿ ತಟ್ಟೆ ಆನಿಸಿಟ್ಟು, ಎದುರುಬದುರು ಕೂರುತ್ತಿದ್ದರು. ಟ್ಯೂಬ್‌ಲೈಟಿನಲ್ಲಿ ಪರೀಕ್ಷೆ ಕೂಡದು. ಅದು ಅವಳು ಹಾಕಿದ ಕಟ್ಟಳೆ. ಹನಿ ಅವನದು, ಕಣ್ಣು ಅವಳದು. ಅವನು ಸಿರಿಂಜು ಒತ್ತುತ್ತಾ ಹೋಗುವನು, ಅವಳು ರೆಪ್ಪೆ ಬಡಿಯದೆ ಕೂತು ಒಂದು ಗಳಿಗೆಯಲ್ಲಿ "ಸಾಕು" ಅನ್ನುವಳು. ಅವನ ಕೈ ಅಲ್ಲೇ ನಿಲ್ಲುವುದು. ಸಿರಿಂಜಿನ ಅಂಕಿ ಸಾವಿರದ ಮುನ್ನೂರೈವತ್ತರ ಆಸುಪಾಸು ಬಂದರೆ ಇಬ್ಬರಿಗೂ ನಿರಾಳ. ಕಮ್ಮಿ ಬಂದರೆ ಕಪಾಟಿನ ಡಬ್ಬಿಯಿಂದ ಮೆಗ್ನೀಷಿಯಂ ಉಪ್ಪನ್ನು ಅಳೆದು, ಸಿಹಿನೀರಿನಲ್ಲಿ ಕರಗಿಸಿ, ದಿನಕ್ಕಿಷ್ಟೆಂದು ತೊಟ್ಟಿಗೆ ಬಿಡುವುದು.

ಕ್ಯಾಲ್ಸಿಯಂ ಮತ್ತು ಕ್ಷಾರ ಅಳೆಯಲು ಡಾಕ್ಟರಮ್ಮ ಬ್ಯಾಟರಿಯ ಪುಟ್ಟ ಯಂತ್ರಗಳನ್ನು ತರಿಸಿಕೊಟ್ಟಿದ್ದರು. ಗುಂಡಿ ಒತ್ತಿದರೆ ಅಂಕಿ ತಾನಾಗಿ ಬೀಳುತ್ತಿತ್ತು. "ಮೆಗ್ನೀಷಿಯಮ್ಮಿಗೂ ಒಂದು ತರಿಸ್ಲಾ ಅಣ್ಣಾ?" ಎಂದು ಕೇಳಿದಾಗ ಅವನು ತಲೆಯಲ್ಲಾಡಿಸಿದ್ದ. "ಬೇಡಮ್ಮಾ. ಅದಕ್ಕೆ ಮನೇಲಿ ಯಂತ್ರಕ್ಕಿಂತ ಒಳ್ಳೇದಿದೆ."

ಹೀಗಿರುವಾಗ, ಹದಿನಾಲ್ಕನೆಯ ವರ್ಷ, ಹವಳ ಬುಡದಿಂದ ಬೆಳ್ಳಗಾಗತೊಡಗಿತು.

ಬಿಳುಪು ಅವನಿಗೂ ಕಾಣುತ್ತಿತ್ತು. ಮೊದಲು ಉಗುರಿನಗಲ, ಹದಿನೈದು ದಿನಕ್ಕೆ ಹೆಬ್ಬೆರಳಗಲ. ಬಿಳುಪಾದಲ್ಲಿ ಜೀವವಿಲ್ಲ, ಬರೀ ಮೂಳೆ. ಇತ್ತ ಹೀಟರಿನ ಮೇಲೆ, ಪಂಪಿನ ಬಾಯಲ್ಲಿ ಗಟ್ಟಿ ಬಿಳಿ ಕಟ್ಟು ಕೂರತೊಡಗಿತು. ಡಾಕ್ಟರಮ್ಮ ಬಂದು ತಮ್ಮ ಹಲ್ಲು ಕೆರೆಯುವ ಕೊಕ್ಕೆಯಿಂದಲೇ ಅದನ್ನು ಕೆರೆದು ನೋಡಿದರು.

"ಅಣ್ಣಾ, ಇದು ನಮ್ಮ ಕಡೆ ಕೇಸು. ಹಲ್ಲಿನ ಮೇಲೆ ಕಟ್ಟೋ ಗಾರೆ ಥರಾನೇ ಇದೆ."

"ನಿಮ್ಮ ಕಡೆ ಕೇಸಾದ್ರೆ ವಾಸಿ ಮಾಡಿ ಅಮ್ಮಾ."

"ನಾನಾದ್ರೆ ಕಿತ್ತು ಹಾಕ್ತೀನಿ, ನೋಡಿ" ಎಂದು ನಕ್ಕವರು ಅವನ ಮುಖ ನೋಡಿ ನಗು ನುಂಗಿಕೊಂಡರು.

ಅವನು ಕ್ಯಾಲ್ಸಿಯಂ ಹಾಕಿದ, ಕ್ಷಾರ ಹಾಕಿದ. ಹಾಕಿದಷ್ಟೂ ಯಂತ್ರದ ಅಂಕಿ ಕೆಳಗೇ ಇಳಿಯಿತು. ಬಿಳಿ ಕಟ್ಟು ಮಾತ್ರ ಬೆಳೆಯಿತು. ತೂತು ಮಡಕೆಗೆ ನೀರು ಹೊಯ್ದ ಹಾಗೆ. ಇಂಥ ಲಕ್ಷಣಕ್ಕೆ ಪುಸ್ತಕ ಹೇಳುವ ಕಾರಣ ಒಂದೇ, ಮೆಗ್ನೀಷಿಯಂ ಕೊರತೆ. ಕ್ಯಾಲ್ಸಿಯಮ್ಮೂ ಕ್ಷಾರವೂ ನೀರಿನಲ್ಲಿ ಒಂದನ್ನೊಂದು ಕಂಡರೆ ತಬ್ಬಿಕೊಂಡು ಸುಣ್ಣವಾಗಿ ಕೂತುಬಿಡುವಂಥವು. ಮೆಗ್ನೀಷಿಯಂ ಅಡುಗೆಮನೆ ಬಾಗಿಲಲ್ಲಿ ನಿಂತ ದೊಡ್ಡಮ್ಮನಂತೆ ನಡುವೆ ಅಡ್ಡ ನಿಂತು, ‘ತಡೀರಿ, ಮಕ್ಕಳದ್ದು ಮೊದಲು ಆಗಲಿ’ ಅನ್ನುತ್ತದೆ. ಹವಳಕ್ಕೆ ಮೈ ಕಟ್ಟಿಕೊಳ್ಳಲು ಸಿಗುವುದು ಆ ದೊಡ್ಡಮ್ಮನ ದಯೆಯಿಂದ. ಆಕೆ ಇಲ್ಲದಿದ್ದರೆ ಹೀಟರೇ ಎಲ್ಲ ಉಂಡುಬಿಡುತ್ತದೆ.

ಆದರೆ ಭಾನುವಾರದ ಪರೀಕ್ಷೆಯಲ್ಲಿ ಮೆಗ್ನೀಷಿಯಂ ಚೆನ್ನಾಗಿಯೇ ಇತ್ತು. ಅಷ್ಟೇ ಅಲ್ಲ, ಏರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಸಾವಿರದ ಮುನ್ನೂರು, ಮುನ್ನೂರ ಮೂವತ್ತು, ಮುನ್ನೂರೆಂಬತ್ತು. ಅವನು ನಾಲ್ಕು ತಿಂಗಳಿಂದ ಒಂದು ಚಮಚವೂ ಹಾಕಿರಲಿಲ್ಲ. ಬಿತ್ತದ ಹೊಲದಲ್ಲಿ ಬೆಳೆ ಬಂದರೆ ಯಾರಾದರೂ ಹಿಗ್ಗುತ್ತಾರೆಯೇ? ಅವನಿಗೆ ಭಯವಾಯಿತು.

ನಲ್ಲಿಯವನ ಬುದ್ಧಿ ಎಂಥದೆಂದರೆ, ಸೋರಿಕೆ ಹುಡುಕುವಾಗ ಒಂದೊಂದೇ ಕೀಲನ್ನು ಮುಚ್ಚಿ ನೋಡುವುದು. ತೊಟ್ಟಿಯ ನೀರಿಗೆ ಕಲಸುವ ಉಪ್ಪಿನ ಚೀಲ ಬದಲಾಯಿಸಿದ, ಅಂಕಿ ಬದಲಾಗಲಿಲ್ಲ. ಹೊಸ ಕಿಟ್ಟು ತರಿಸಿದ, ಬದಲಾಗಲಿಲ್ಲ. ಹೊಸ ಕಿಟ್ಟಿನ ಜೊತೆ ಒಂದು ಸಣ್ಣ ಬಾಟಲಿ ಬಂದಿತ್ತು. ಕಿಟ್ಟು ಸರಿಯಿದೆಯೋ ಇಲ್ಲವೋ ತಿಳಿಯಲು ಕಂಪನಿಯವರೇ ಅಳೆದು ತುಂಬಿದ ನೀರು. ಮೇಲೆ ‘1300’ ಎಂದು ಅಚ್ಚಾಗಿತ್ತು. ಆ ಭಾನುವಾರ ಅವನು ಶೀಶೆಗೆ ತೊಟ್ಟಿಯ ನೀರಿನ ಬದಲು ಅದನ್ನು ಹಾಕಿದ. ಅವಳಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಅವನಿಗೂ ಆಗ ಸ್ಪಷ್ಟವಿರಲಿಲ್ಲ.

ಹತ್ತು ಗಂಟೆಯ ಬೆಳಕು ತಟ್ಟೆಯ ಮೇಲೆ ಬಿದ್ದಿತ್ತು. ಅವನು ಹನಿ ಬಿಡುತ್ತಾ ಬಂದ. ಸಾವಿರದ ಮುನ್ನೂರರ ಗೆರೆ ದಾಟಿತು. ಅವಳು ಸುಮ್ಮನಿದ್ದಳು. ನಾನೂರು ದಾಟಿತು. ಅವಳು ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. ಸಾವಿರದ ಐನೂರಕ್ಕೆ ಸಿರಿಂಜೇ ಮುಗಿಯುತ್ತದೆ. ಒಳಗಿನ ದಂಡ ತಳಕ್ಕೆ ತಾಗಿ ಟಕ್ ಎಂದಿತು.

"ಸಾಕು" ಎಂದಳು ಅವಳು, ಆ ಸದ್ದು ಕೇಳಿದ ಮೇಲೆ.

ಅವನು ತಲೆಯೆತ್ತಲಿಲ್ಲ. ಸಿರಿಂಜನ್ನು ತೊಳೆದ, ಶೀಶೆಯನ್ನು ತೊಳೆದ, ತೊಳೆದದ್ದನ್ನೇ ಮತ್ತೆ ತೊಳೆದ.

"ಎಷ್ಟು ಬಂತು?"

"ಚೆನ್ನಾಗಿದೆ" ಎಂದ. ಹದಿನಾಲ್ಕು ವರ್ಷದಲ್ಲಿ ಆ ಮೇಜಿನ ಮುಂದೆ ಅವನು ಹೇಳಿದ ಮೊದಲ ಸುಳ್ಳು ಅದು.

ಉಳಿದ ಕೀಲು ಒಂದೇ ಎಂದು ಈಗ ಗೊತ್ತಾಗಿತ್ತು. ಅದನ್ನು ಮುಟ್ಟುವುದು ಹೇಗೆ? ಸೌದೆ ಒಡೆಯುವವನಿಗೆ ನಿನ್ನ ತೋಳು ಸೋತಿದೆ ಎಂದರೆ ಕೊಡಲಿ ಕೆಳಗಿಟ್ಟು ಕೂರಬಹುದು. ನೂಲಕ್ಕನಿಗೆ ನಿನ್ನ ಕಣ್ಣು ಸೋತಿದೆ ಎಂದರೆ ಅವಳಲ್ಲಿ ಇನ್ನೇನು ಉಳಿಯಿತು ಎಂದುಕೊಂಡಾಳು. ಹೇಳಿದರೆ ಅವಳು ಕುಗ್ಗುತ್ತಾಳೆ. ಹೇಳದಿದ್ದರೆ ಹವಳ ಸಾಯುತ್ತದೆ. ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ, ರೋಗಿಗಳು ಬರುವ ಮುಂಚೆ, ಕಿಟ್ಟನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಕ್ಲಿನಿಕ್ಕಿಗೆ ಹೋದ. ಕದ್ದ ಮಾಲು ಸಾಗಿಸುವವನ ಹಾಗೆ ಟೈಲರನ ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಡಾಕ್ಟರಮ್ಮನನ್ನು ಕಿಟಕಿಯ ಬಳಿ ಕೂರಿಸಿ, "ಗುಲಾಬಿ ಹೋಗಿ ಪೂರ್ತಿ ನೀಲಿ ಆದ ತಕ್ಷಣ ಹೇಳಿ ಅಮ್ಮಾ" ಎಂದ. ತೊಟ್ಟಿಯ ನೀರಿಗೆ ಹನಿ ಬಿಡತೊಡಗಿದ. ಇನ್ನೂ ಬಹಳ ಇದೆಯೆಂದು ಅವನ ಕೈ ಅಭ್ಯಾಸದ ಮೇಲೆ ಹೋಗುತ್ತಿತ್ತು.

"ಆಯ್ತು, ಆಯ್ತು, ಆಯ್ತು! ನಿಲ್ಸಿ ಅಣ್ಣಾ!"

ಸಾವಿರದ ಎಂಬತ್ತು. ದೊಡ್ಡಮ್ಮ ಯಾವಾಗಲೋ ಬಾಗಿಲು ಬಿಟ್ಟು ಎದ್ದುಹೋಗಿದ್ದಳು.

ಡಾಕ್ಟರಮ್ಮ ಚುರುಕು. ಕೂಡಲೇ ಕೇಳಿದರು: "ಅಕ್ಕನ ಕಣ್ಣಾ?"

ಅವನು ತಲೆಯಾಡಿಸಿದ.

"ಪೊರೆ ಇರ್ಬೇಕು. ಕಳೆದು ಹೋಗಿರೋದಲ್ಲ ಅಣ್ಣಾ ಅದು, ಮುಚ್ಚಿಕೊಂಡಿರೋದು ಅಷ್ಟೆ. ತೆಗೆದ್ರೆ ಹೋಯ್ತು. ಹೇಳಿ ಅವರಿಗೆ."

"ಹೇಳ್ತೀನಿ ಅಮ್ಮಾ" ಎಂದ; ಹೇಳಲಿಲ್ಲ. ಕಳ್ಳತನದಲ್ಲೇ ಮೆಗ್ನೀಷಿಯಂ ಹಾಕತೊಡಗಿದ. ಒಂದೇ ಸಲ ಸುರಿದರೆ ಹವಳ ತಡೆಯದು. ದಿನಕ್ಕೆ ಹತ್ತರಷ್ಟೇ ಏರಬೇಕು. ಅವಳು ಅಂಗಡಿಗೆ ಹೋದ ಮೇಲೆ ಡಬ್ಬಿ ಇಳಿಸಿ, ಅಳೆದು, ಕರಗಿಸಿ, ಕ್ಯಾನಿಗೆ ತುಂಬಿ ಒಯ್ಯುವುದು. ಹದಿನೈದು ದಿನದಲ್ಲಿ ಬಿಳುಪು ಏರುವುದು ನಿಂತಿತು. ಅಷ್ಟರಲ್ಲಿ ಹವಳದ ಅರ್ಧ ಮೈ ಹೋಗಿತ್ತು. ಭಾನುವಾರಗಳಲ್ಲಿ ಎಂದಿನಂತೆ ಅವಳೆದುರು ಕೂತು ಅವಳ ‘ಸಾಕು’ವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಬರೆಯುವಾಗ ಅವನ ಕಿವಿ ಬಿಸಿಯಾಗುತ್ತಿತ್ತು.

ಸಿಕ್ಕಿಬಿದ್ದದ್ದು ಡಬ್ಬಿಯಿಂದ. ಮೂವತ್ತು ವರ್ಷ ಅಂಗಡಿಯ ಸಾಮಾನು ಕಂಡ ಹೆಂಗಸಿಗೆ ಡಬ್ಬಿಯ ತೂಕ ಕೈಗೇ ಗೊತ್ತು. ಒಂದು ಸಂಜೆ ಕಪಾಟು ಒರೆಸುವಾಗ ಅದನ್ನೆತ್ತಿ ನೋಡಿ ಮೇಜಿನ ಮೇಲೆ ಕುಕ್ಕಿದಳು.

"ಹೋದ ತಿಂಗಳು ಇದು ತುಂಬಿತ್ತು."

ಅವನು ಚಪ್ಪಲಿ ಹುಡುಕತೊಡಗಿದ.

"ಚಪ್ಪಲಿ ಕಾಲಲ್ಲೇ ಇದೆ. ಕೂತ್ಕೊಳ್ಳಿ. ನಾನು ವಾರಾ ವಾರಾ ಜಾಸ್ತಿ ಇದೆ ಅಂತಿದೀನಿ, ನೀವು ದಿನಾ ದಿನಾ ಹಾಕ್ತಿದೀರಾ. ನನ್ನ ಮಾತಿಗೆ ಬೆಲೆ ಇಲ್ವಾ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅಚ್ಚಾದ ಅಂಕಿಯ ಬಾಟಲಿ, ಟಕ್ ಎಂದ ಸಿರಿಂಜು, ಕ್ಲಿನಿಕ್ಕಿನ ಕಿಟಕಿ, ಎಲ್ಲ ಹೇಳಿದ. ತಲೆ ತಗ್ಗಿಸಿಯೇ ಹೇಳಿದ. ಅವಳು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ಡಾಕ್ಟರಮ್ಮ ‘ಸಾಕು’ ಅಂದ್ರಾ?"

"‘ಆಯ್ತು’ ಅಂದ್ರು. ಮೂರು ಸಲ."

"ಮೂರು ಸಲ ಯಾಕೆ? ಹಲ್ಲು ಕೀಳ್ತಿದ್ರಾ?"

ಅವನಿಗೆ ನಗು ಬಂತು; ಅವಳ ಕಣ್ಣಲ್ಲಿ ನೀರಿತ್ತು, ಆದ್ದರಿಂದ ತಡೆದುಕೊಂಡ. ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಾ ತಿರುಗಿಸುತ್ತಾ ಹೇಳಿದಳು.

"ನಾನೂ ಒಂದು ಹೇಳ್ಬೇಕು. ಅಂಗಡೀಲಿ ನನ್ನನ್ನ ನೂಲಿನ ಕಡೆಯಿಂದ ತೆಗೆದು ಗುಂಡಿ ಕಡೆ ಹಾಕಿ ಮೂರು ತಿಂಗಳಾಯ್ತು."

"ಗುಂಡಿನಾ?"

"ಅಂಗಿ ಗುಂಡಿ. ಒಬ್ಬಮ್ಮ ನೀಲಿ ಚೂರು ತಂದ್ರೆ ಕಪ್ಪು ರೀಲು ಕೊಟ್ಟು ಕಳಿಸಿದ್ದೆ. ಅದಾದ್ಮೇಲೆ ಇನ್ನೊಬ್ರಿಗೆ. ಮಾಲೀಕರು ಒಳ್ಳೆಯವರು, ಬೈಲಿಲ್ಲ. ‘ಅಕ್ಕಾ, ಸ್ವಲ್ಪ ದಿನ ಆ ಕಡೆ ನೋಡ್ಕೊಳ್ಳಿ’ ಅಂದ್ರು."

"ಗುಂಡಿಗೂ ಬಣ್ಣ ಇರುತ್ತಲ್ಲೇ."

"ಇರುತ್ತೆ. ಆದ್ರೆ ಗುಂಡಿ ಬಣ್ಣ ತಪ್ಪಿದ್ರೆ ಫ್ಯಾಷನ್ ಅಂತಾರೆ, ನೂಲು ತಪ್ಪಿದ್ರೆ ಕಣ್ಣು ಕಾಣ್ಸಲ್ವಾ ಅಂತಾರೆ."

ಈ ಸಲ ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವಳೇ ಮುಂದುವರಿಸಿದಳು. "ಶೀಶೆ ಕೂಡ ಮೊದಲಿನ ಹಂಗೆ ಕಾಣ್ತಿರ್ಲಿಲ್ಲ. ಬೇಗ ಅಂದ್ಬಿಟ್ರೆ ತಪ್ಪಾಗುತ್ತೆ, ಖಾತ್ರಿ ಆಗ್ಲಿ ಅಂತ ಇನ್ನೆರಡು ಹನಿ, ಇನ್ನೆರಡು ಹನಿ ಅಂತ ಕಾಯ್ತಿದ್ದೆ. ಹೇಳ್ಬಿಡೋಣ ಅಂತ ಬಾಯಿಗೆ ಬರ್ತಿತ್ತು. ಹೇಳಿದ್ರೆ ಯಂತ್ರ ತರಿಸ್ತೀರಾ. ಆಮೇಲೆ ಭಾನುವಾರ ಹತ್ತು ಗಂಟೆಗೆ ನನ್ನ ಯಾಕೆ ಕರೀತೀರಾ?" ಅವಳು ಮುಚ್ಚಳ ಕೆಳಗಿಟ್ಟಳು. "ನಾನೇ ಕೊಂದೆ ಅಲ್ವಾ ಅದನ್ನ?"

ಉಪ್ಪುನೀರಣ್ಣ ಮಾತಿನಲ್ಲಿ ಜಾಣನಲ್ಲ. ಪೈಪಿನ ಅಳತೆ ಹೇಳುವಂತೆ ಹೇಳಿದ: "ಹದಿನಾಲ್ಕು ವರ್ಷ ನೀನು ಸಾಕು ಅಂದಲ್ಲಿ ನಿಲ್ಸಿದೀನಿ. ಅದಕ್ಕೇ ಅದು ಕಿರುಬೆರಳಿಂದ ಅಷ್ಟಗಲ ಆಗಿದ್ದು. ಕಣ್ಣಿಲ್ಲದವನು ಕಟ್ಟಿದ ತೊಟ್ಟಿ ಕಣೇ ಅದು. ನೋಡಿದ್ದೆಲ್ಲ ನೀನೇ. ಅರ್ಧ ಹೋಗಿದೆ ನಿಜ. ಅರ್ಧ ಇದೆಯಲ್ಲ, ಅದೂ ನಿಂದೇ."

ಅವಳು ಎದ್ದು ಹೋಗಿ ಒಲೆ ಹಚ್ಚಿದಳು. ಆ ದಿನ ಅವನ ತಟ್ಟೆಗೆ ಒಂದು ಸೌಟು ಹೆಚ್ಚೇ ಬಿತ್ತು.

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ ಹೇಳಿದ್ದೂ ಡಾಕ್ಟರಮ್ಮ ಹೇಳಿದ್ದನ್ನೇ. ಪೊರೆ ಬಲಿತು ಹಳದಿಯಾಗಿತ್ತು, ಎರಡೂ ಕಣ್ಣಲ್ಲಿ. "ಹಳದಿ ಗಾಜಿನ ಹಿಂದೆ ನಿಂತು ನೀಲಿ ಹುಡುಕಿದ್ದೀರಮ್ಮಾ ಇಷ್ಟು ದಿನ. ಇಷ್ಟಾದ್ರೂ ಕಂಡಿದ್ದೇ ಹೆಚ್ಚು." ಆಪರೇಷನ್ನು ಮೊದಲು ಬಲಗಣ್ಣಿಗೆ, ಎಡಗಣ್ಣಿಗೆ ಆಮೇಲೆ ಎಂದಾಯಿತು. ಅವಳು ತನ್ನನ್ನು ಕರೆದುಕೊಂಡು ಬಂದ ಗಂಡನ ಕಡೆ ತಿರುಗಿ, "ಮತ್ತೆ ನಾನೇ ಶೀಶೆ ನೋಡೋವರೆಗೂ ಒಂದು ಚಮಚಾನೂ ಹಾಕ್ಬೇಡಿ" ಎಂದಳು. ಕಣ್ಣಿನ ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಉಪ್ಪುನೀರಣ್ಣ ಹೂಂ ಎಂದ. ಹವಳ ಅಪಾಯ ದಾಟಿತ್ತು, ಕಾಯಬಹುದಿತ್ತು. ಅಂದು ಸಂಜೆ ಡಾಕ್ಟರಮ್ಮ ಯಂತ್ರದ ಮಾತೆತ್ತಿದಾಗಲೂ ಅವನು, "ನಮ್ಮ ಯಂತ್ರ ಸರ್ವಿಸಿಗೆ ಹೋಗಿದೆ ಅಮ್ಮಾ, ಬರುತ್ತೆ" ಎಂದ.

ಪಟ್ಟಿ ಬಿಚ್ಚಿದ ದಿನ ಅವಳು ಆಸ್ಪತ್ರೆಯ ಬಾಗಿಲಲ್ಲೇ ನಿಂತುಬಿಟ್ಟಳು.

"ರೀ, ಈ ಗೋಡೆ ಬಿಳಿ ಕಣ್ರೀ! ಬರೋವಾಗ ಕೆನೆ ಬಣ್ಣ ಇತ್ತು."

ದಾರಿಯುದ್ದಕ್ಕೂ ಅವಳು ನಡೆಯಲಿಲ್ಲ, ಓದಿದಳು ಎನ್ನಬೇಕು. ಅಂಗಡಿಯ ಬೋರ್ಡು, ಬಕೆಟ್ಟು, ಯಾರದೋ ಗೇಟು, ಶಾಲೆಯ ಹುಡುಗಿಯರ ರಿಬ್ಬನ್ನು. ಟೈಲರನ ಮುಂದೆ ನಿಂತು, "ತಮ್ಮಾ, ಈ ಅಂಗಿಗೆ ಹಾಕ್ತಿರೋ ನೂಲು ಒಂದು ಮೆಟ್ಟಿಲು ಗಾಢ ಆಯ್ತು, ಬಿಚ್ಚು" ಎಂದಳು. ಟೈಲರ್ ಕೈಮುಗಿದ. "ಬಂದ್ರಾ ಅಕ್ಕಾ? ನಾವು ಸ್ವಲ್ಪ ದಿನ ನೆಮ್ಮದಿಯಾಗಿದ್ವಿ." ಮನೆಗೆ ಬಂದು ಅಡುಗೆಮನೆಯ ಕೈಬಟ್ಟೆ ಎತ್ತಿ ನೋಡಿ ಹೌಹಾರಿದಳು. "ಇಷ್ಟು ಕೊಳೆ! ಹೇಳ್ಬಾರ್ದಾ?"

"ನನಗೆ ಬಣ್ಣ ಗೊತ್ತಾಗಲ್ವಲ್ಲ."

"ಕೊಳೆಗೂ ಬಣ್ಣಕ್ಕೂ ಏನ್ರೀ ಸಂಬಂಧ!"

ಎಡಗಣ್ಣೂ ಆದ ಮೇಲೆ ಅವನು ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದ. ಮಧ್ಯಾಹ್ನದ ಬಿಡುವು, ಬೆಂಚು ಖಾಲಿ. ಅವಳು ತೊಟ್ಟಿಯ ಮುಂದೆ ಕೂತಳು. ಅವನು ಪಕ್ಕದಲ್ಲಿ ಕೂತು ತೊಟ್ಟಿಯನ್ನಲ್ಲ, ಅವಳನ್ನು ನೋಡುತ್ತಿದ್ದ. ಹವಳದ ಎಡಭಾಗವೆಲ್ಲ ಸತ್ತ ಮೂಳೆ, ಅಲ್ಲಲ್ಲಿ ಪಾಚಿ. ಬಲಭಾಗ ಜೀವಂತ. ಸತ್ತದ್ದೂ ಬದುಕಿದ್ದೂ ಸೇರುವ ಗೆರೆಯಲ್ಲಿ, ಬಿಳುಪಿನ ಮೇಲೆ, ಅಕ್ಕಿಕಾಳಿನಷ್ಟಗಲ ಹೊಸ ಚರ್ಮ ಹತ್ತುತ್ತಿತ್ತು.

"ತುದಿಗಳು ಯಾವ ಬಣ್ಣ?" ಎಂದು ಕೇಳಿದ. ಹದಿನಾಲ್ಕು ವರ್ಷದಲ್ಲಿ ನೂರು ಸಲ ಕೇಳಿದ್ದ ಪ್ರಶ್ನೆ.

ಅವಳು ಒಂದೊಂದೇ ತುದಿಯನ್ನು ನೋಡುತ್ತಾ ಹೋದಳು. "ನಾಲ್ಕನೇ ಸಾಲು, ಏಳನೇ ರೀಲು" ಎಂದಳು ಕೊನೆಗೆ. "ನೇರಳೆ ಆಗ್ಬೇಕೋ ಗುಲಾಬಿ ಆಗ್ಬೇಕೋ ಅಂತ ತೀರ್ಮಾನ ಆಗದೆ ನಿಂತಿರೋದು. ಹೊಸ ಚರ್ಮ ಅದಕ್ಕಿಂತ ತೆಳು. ಮಗುವಿನ ಉಗುರಿನ ಥರ." ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ಸದ್ದು ಮಾಡದೆ ಒಳಗೆ ಹೋದರು.

ಅವನಿಗೆ ನೇರಳೆಯೂ ಕಾಣಲಿಲ್ಲ, ಗುಲಾಬಿಯೂ ಕಾಣಲಿಲ್ಲ. ಆದರೂ ಅಂದು ನೋಡಿದಷ್ಟು ಚೆನ್ನಾಗಿ ಆ ಹವಳವನ್ನು ಅವನು ಎಂದೂ ನೋಡಿರಲಿಲ್ಲ. ತನಗೆ ಸಿಕ್ಕಿದ್ದು ತನ್ನ ಯೋಗ್ಯತೆಗಿಂತ ದೊಡ್ಡದೆಂದು ಅನಿಸಿ, ಯಾರಿಗೆ ಹೇಳಬೇಕೆಂದು ತಿಳಿಯದೆ, ಗಾಜಿನ ಮೇಲಿದ್ದ ಯಾರದೋ ಬೆರಳಚ್ಚನ್ನು ಅಂಗಿಯ ತೋಳಿನಿಂದ ಒರೆಸಿದ.

ಭಾನುವಾರ ಹತ್ತು ಗಂಟೆ. ಕಿಟಕಿ, ಬಿಳಿ ತಟ್ಟೆ, ಶೀಶೆ. ಐದು ಹನಿ, ಚಿಟಿಕೆ ಪುಡಿ. ಅವನು ಸಿರಿಂಜು ತುಂಬಿಕೊಂಡ.

"ತಡೀರಿ, ಇನ್ನೂ ಹನಿ ಬಿಡ್ಬೇಡಿ." ಅವಳು ಗುಲಾಬಿಯಾಗಿದ್ದ ಶೀಶೆಯನ್ನೆತ್ತಿ ಬೆಳಕಿಗೆ ಹಿಡಿದಳು. "ಮೊದಲ ಸಲ ನೋಡ್ದಾಗ ನಾನು ಹಾಕಿದ್ದ ಬಟ್ಟೆ ಇದೇ ಬಣ್ಣ. ತದ್ರೂಪ."

"ನೀಲಿ ತಾನೇ?"

"ಹೂಂ. ನಿಮ್ಮ ನೀಲಿ."

ಅವಳು ಶೀಶೆಯನ್ನು ತಟ್ಟೆಯ ಮುಂದಿಟ್ಟಳು. ಅವನು ಹನಿ ಬಿಡುತ್ತಾ ಹೋದ. ಒಂಬೈನೂರು, ಸಾವಿರ, ಸಾವಿರದ ನೂರು. ಅವಳು ಮುಂದಕ್ಕೆ ಬಾಗಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಕುರ್ಚಿಗೆ ಒರಗಿಯೇ ಕೂತಿದ್ದಳು. ಸಾವಿರದ ಇನ್ನೂರ ಹತ್ತರ ಗೆರೆಯಲ್ಲಿ, ಹನಿ ಬಿದ್ದು ಕದಡುತ್ತಿದ್ದಂತೆಯೇ, ಆ ಮಾತು ಬಂತು.

"ಸಾಕು."

ಅವನ ಕೈ ನಿಂತಿತು. ಅವನು ಗೆರೆಯನ್ನು ಓದಿದ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ.

"ಎಷ್ಟು?"

"ಸಾವಿರದ ಇನ್ನೂರ ಹತ್ತು."

"ಕಮ್ಮಿ ಆಯ್ತಲ್ರೀ."

"ಕಮ್ಮೀನೇ" ಎಂದ ಅವನು. ಹಬ್ಬಿದ ನಗುವನ್ನು ಅಡಗಿಸಲು ನೋಟ್‌ಬುಕ್ಕಿನ ಮೇಲೆ ಬಾಗಿ, ದಪ್ಪ ಅಕ್ಷರದಲ್ಲಿ ಬರೆದುಕೊಂಡ. ಅವಳು ಎದ್ದು ಕಪಾಟಿನಿಂದ ಮೆಗ್ನೀಷಿಯಂ ಡಬ್ಬಿ ಇಳಿಸಿ, ತಾನೇ ಮುಚ್ಚಳ ತೆಗೆದು ಅವನ ಮುಂದಿಟ್ಟಳು.